ಟೋಕನ್ ಇಲ್ಲದೆ ಹೊರಟ ಡಬ್ಬಿ

ಆಗಸ್ಟ್ ಹದಿಮೂರು, ಮಂಗಳವಾರ, ಬೆಳಿಗ್ಗೆ ಏಳು ಗಂಟೆ. ಸ್ಥಳ, ವಡಪಳನಿಯಲ್ಲಿ ನನ್ನ ಸ್ನೇಹಿತರ ಹೋಟೆಲಿನ ಮುಂಬಾಗಿಲು. ಹಾಜರಿದ್ದವರು ನಾನು, ನನ್ನ ಹೆಂಡತಿ, ಹೋಟೆಲಿನ ಸ್ನೇಹಿತರು, ಮತ್ತು ನನ್ನ ಮೋಟಾರ್‌ಸೈಕಲ್. ಗಾಡಿಯನ್ನೂ ಹಾಜರಿಗೆ ಸೇರಿಸಲು ಕಾರಣವಿದೆ. ಅದು ನನ್ನನ್ನು ಬಿಟ್ಟು ಬೇರೆಯವರ ಕೈಯಲ್ಲಿ ಕೆಲಸಕ್ಕೆ ಹೊರಟದ್ದು ಅದೇ ಮೊದಲು.

ನಾನು ರೈಲ್ವೆಯಲ್ಲಿ ಸ್ಟೇಷನ್ ಮಾಸ್ಟರ್ ಆಗಿ ನಿವೃತ್ತನಾದವನು. ನಿವೃತ್ತಿಯಾದ ಮೇಲೆ ಬೆಳಿಗ್ಗೆ ಎದ್ದು ಸಮವಸ್ತ್ರ ಹಾಕುವುದು ತಪ್ಪಿತು, ಎದ್ದು ಸಿದ್ಧನಾಗುವುದು ತಪ್ಪಲಿಲ್ಲ. ಸಿದ್ಧನಾಗಿ ಕೂತರೆ ಹೋಗುವ ಜಾಗವಿರಲಿಲ್ಲ. ಮನೆಯ ಹತ್ತಿರ ಒಂದು ಸಣ್ಣ ಲ್ಯಾಬ್ ಇತ್ತು. ಪೆರಿಯಪಾಳ್ಯಂ ರಸ್ತೆಯ ಮೂರು ಹಳ್ಳಿ ಕ್ಲಿನಿಕ್‌ಗಳಿಂದ ಅವರಿಗೆ ದಿನವೂ ರಕ್ತ, ಮೂತ್ರ, ಕಫದ ಸ್ಯಾಂಪಲ್ ಬರಬೇಕು. ಹೊತ್ತಿಗೆ ಸರಿಯಾಗಿ ತರುವವರು ಯಾರೂ ನಿಲ್ಲುತ್ತಿಲ್ಲ, ಗೊತ್ತಿದ್ದವರು ಯಾರಾದರೂ ಇದ್ದರೆ ಹೇಳಿ ಸಾರ್ ಎಂದು ಒಂದು ದಿನ ಕೇಳಿದರು. ನಾನೇ ಇದ್ದೇನೆ ಎಂದೆ. ಅವರು ನಕ್ಕರು. ಮರುದಿನ ಬೆಳಿಗ್ಗೆ ಹೆಲ್ಮೆಟ್ ಹಿಡಿದು ಹೋಗಿ ನಿಂತಾಗ ನಗು ನಿಲ್ಲಿಸಿ ಡಬ್ಬಿ ಕೊಟ್ಟರು.

ಕೆಲಸ ಕಷ್ಟದ್ದಲ್ಲ, ಕ್ರಮದ್ದು. ಕೋಯಂಬೇಡಿನಿಂದ ತರಕಾರಿ ಲಾರಿಗಳು ಖಾಲಿಯಾಗಿ ಹೊರಬೀಳುವ ಹೊತ್ತಿಗೆ ನಾನು ಅವುಗಳ ನಡುವೆ ನುಸುಳಿ ದಾಟಿರಬೇಕು. ರೆಡ್ ಹಿಲ್ಸ್ ಆದ ಮೇಲೆ ರಸ್ತೆ ಬಿಚ್ಚಿಕೊಳ್ಳುತ್ತದೆ. ಮೊದಲು ಎಲ್ಲಕ್ಕಿಂತ ದೂರದ ಕ್ಲಿನಿಕ್‌ಗೆ ಹೋಗಿ, ಬರುವಾಗ ಉಳಿದ ಎರಡನ್ನು ಮುಗಿಸಿಕೊಂಡು, ಊಟದ ಹೊತ್ತಿಗೆ ಲ್ಯಾಬಿಗೆ ಮುಟ್ಟಿಸಬೇಕು. ಡಬ್ಬಿಯೊಳಗೆ ಐಸ್ ಚೀಲಗಳನ್ನು ಟವೆಲ್‌ನಲ್ಲಿ ಸುತ್ತಿ ಇಡಬೇಕು. ಐಸು ರಕ್ತದ ಟ್ಯೂಬಿಗೆ ನೇರವಾಗಿ ತಾಗಿದರೆ ರಕ್ತ ಕೆಡುತ್ತದೆ. ತಂಪಾಗಿರಬೇಕು, ಹೆಪ್ಪುಗಟ್ಟಬಾರದು.

ಇನ್ನು ಟೋಕನ್ ವಿಷಯ. ಒಮ್ಮೆ ಬೇರೊಂದು ಲ್ಯಾಬಿನವನು ನನ್ನದೇ ಥರದ ಗಾಡಿಯಲ್ಲಿ, ನನ್ನದೇ ಥರದ ನೀಲಿ ಡಬ್ಬಿ ಹಿಡಿದು ಒಂದು ಕ್ಲಿನಿಕ್‌ಗೆ ಬಂದ. ಬಾಗಿಲಲ್ಲಿದ್ದ ಆಯಾ ನಮ್ಮ ಡಬ್ಬಿಯನ್ನು ಅವನ ಕೈಗೆ ಕೊಟ್ಟುಬಿಟ್ಟಳು. ಸಂಜೆಯೊಳಗೆ ಅದು ವಾಪಸ್ ಸಿಕ್ಕಿತು, ಯಾರಿಗೂ ತೊಂದರೆಯಾಗಲಿಲ್ಲ. ಆದರೆ ನನಗೆ ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಸಿಂಗಲ್ ಲೈನಿನಲ್ಲಿ ಎರಡು ರೈಲು ಎದುರುಬದುರಾಗದಂತೆ ಹಿಂದೆ ನಾವು ಡ್ರೈವರಿಗೆ ಒಂದು ಟೋಕನ್ ಕೊಡುತ್ತಿದ್ದೆವು. ಅದು ಕೈಯಲ್ಲಿಲ್ಲದೆ ಇಂಜಿನ್ ಸ್ಟೇಷನ್ ಬಿಟ್ಟು ಕದಲುವ ಹಾಗಿಲ್ಲ. ಒಂದು ದಾರಿಗೆ ಒಂದೇ ಟೋಕನ್, ಒಂದು ಟೋಕನ್‌ಗೆ ಒಂದೇ ರೈಲು. ಅದೇ ಕ್ರಮ ಇಲ್ಲಿಗೂ ಸಾಕು ಅನ್ನಿಸಿತು. ಸೌಕಾರ್‌ಪೇಟೆಗೆ ಹೋಗಿ ಮೂರು ಹಿತ್ತಾಳೆ ಬಿಲ್ಲೆ ಮಾಡಿಸಿದೆ. ಒಂದರ ನಡುವೆ ದುಂಡು ತೂತು, ಒಂದಕ್ಕೆ ಚೌಕ, ಒಂದಕ್ಕೆ ತ್ರಿಕೋನ. ತ್ರಿಕೋನ ದೂರದ ಕ್ಲಿನಿಕ್ಕಿನದು. ನಾನು ಟೋಕನ್ ತೋರಿಸಬೇಕು, ಅವರು ಅದನ್ನು ಡಬ್ಬಿಯ ಹಿಡಿಕೆಗೆ ಕಟ್ಟಿ ಕೊಡಬೇಕು, ಲ್ಯಾಬಿನವರು ಬಿಚ್ಚಿ ನನಗೆ ವಾಪಸ್ ಕೊಡಬೇಕು.

"ಟೋಕನ್ ಇಲ್ಲದೆ ಯಾರಿಗೂ ಡಬ್ಬಿ ಕೊಡಬೇಡಿ. ನಾನೇ ಬಂದರೂ ಕೊಡಬೇಡಿ. ಫೋನ್ ಮಾಡಿ ಹೇಳಿದರೂ ಕೊಡಬೇಡಿ," ಎಂದು ಮೂರೂ ಕಡೆ ತಮಿಳಿನಲ್ಲಿ ಹೇಳಿದೆ. ಎರಡು ಕಡೆ ತಲೆಯಾಡಿಸಿದರು. ದೂರದ ಕ್ಲಿನಿಕ್ಕಿನ ಸಿಸ್ಟರ್ ಮಾತ್ರ ನಾನು ಹೇಳಿದ್ದನ್ನು ಹೇಳಿದ ಹಾಗೆಯೇ ನನಗೆ ತಿರುಗಿ ಒಪ್ಪಿಸಿದರು. ರೈಲ್ವೆಯಲ್ಲಿ ಸಂದೇಶ ಸಿಕ್ಕಿತು ಎನ್ನುವುದಕ್ಕೆ ಅದೇ ರೀತಿ. ಅವರಿಗೆ ಅದನ್ನು ಯಾರೂ ಕಲಿಸಿರಲಿಲ್ಲ, ಸ್ವಭಾವವೇ ಹಾಗೆ. ಆ ದಿನದಿಂದ ಅವರ ಮೇಲೆ ನನಗೆ ಒಂದು ಗೌರವ.

ಆಗಸ್ಟ್ ಮೊದಲ ವಾರ ನನ್ನ ಬಲಗಣ್ಣಿನ ಪೊರೆ ತೆಗೆದರು. ಗಾಡಿ ಮುಟ್ಟಬಾರದು, ಬಗ್ಗಬಾರದು, ಧೂಳಿಗೆ ಹೋಗಬಾರದು ಎಂದು ಕಣ್ಣಿನ ಡಾಕ್ಟರು ಹೇಳಿದರು. ಕೆಲವು ದಿನ ಲ್ಯಾಬಿನವರೇ ಹೇಗೋ ನಡೆಸಿದರು. ಆಮೇಲೆ ನನ್ನ ಹೋಟೆಲಿನ ಸ್ನೇಹಿತರು ತಾವಾಗಿಯೇ ಮುಂದೆ ಬಂದರು. ಅವರು ಉಡುಪಿಯ ಕಡೆಯವರು, ಚಿಕ್ಕಂದಿನಲ್ಲೇ ಮದರಾಸಿಗೆ ಬಂದು ತಟ್ಟೆ ತೊಳೆಯುವುದರಿಂದ ಶುರುಮಾಡಿ ಸ್ವಂತ ಹೋಟೆಲ್ ಮಾಡಿದವರು. ಅಲ್ಲಿನ ಕೆಲಸದವರು ಅವರನ್ನು ಮೊದಲಾಳಿ ಎನ್ನುತ್ತಾರೆ, ತಮಿಳಿನಲ್ಲಿ ಮಾಲೀಕರಿಗೆ ಹಾಗೆ ಹೇಳುವುದು. ನಾನೂ ತಮಾಷೆಗೆ ಹಾಗೆ ಕರೆಯಲು ಶುರುಮಾಡಿ ಅದೇ ಉಳಿದುಬಿಟ್ಟಿತು. ಅವರು ನನ್ನನ್ನು ಮಾಸ್ಟ್ರೆ ಎನ್ನುತ್ತಾರೆ. ಹೋಟೆಲನ್ನು ಈಗ ಮಗ ಸೊಸೆ ನೋಡಿಕೊಳ್ಳುತ್ತಾರೆ. ಇವರಿಗೆ ಬೆಳಗಿನ ಹೊತ್ತು ಗಲ್ಲಾ ಪೆಟ್ಟಿಗೆಯ ಮುಂದೆ ಕೂರುವುದೊಂದೇ ಕೆಲಸ.

ಆ ಮಂಗಳವಾರ ಬೆಳಿಗ್ಗೆ ನಾನು ಅವರಿಗೆ ಚಾರ್ಜ್ ವಹಿಸಿಕೊಟ್ಟೆ. ಡಬ್ಬಿ ತೆರೆದು ತೋರಿಸಿದೆ. ಟವೆಲ್ ಸುತ್ತುವುದು ತೋರಿಸಿದೆ. ಟೋಕನ್‌ಗಳನ್ನು ಒಂದೊಂದಾಗಿ ಅಂಗೈಗೆ ಹಾಕಿದೆ.

"ದುಂಡು, ಚೌಕ, ತ್ರಿಕೋನ. ಹೇಳಿ ನೋಡೋಣ."

"ಎಂತ ಮಾಸ್ಟ್ರೆ, ಒಂದನೇ ಕ್ಲಾಸಿನ ಮಕ್ಕಳಿಗೆ ಹೇಳಿಸಿದ ಹಾಗೆ," ಎಂದರು ಮೊದಲಾಳಿ. "ಹಿತ್ತಾಳೆ ಬಿಲ್ಲೆಯ ವಿಷಯ ನನಗೆ ಹೇಳುದಾ? ನನ್ನ ಜನ್ಮವೇ ಅದರಲ್ಲಿ ಸವೆದದ್ದು."

ಆ ಮಾತು ಕೇಳಿದಾಗಲೇ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಅವರು ಬಿಲ್ಲೆಗಳನ್ನು ಅಂಗಿಯ ಜೇಬಿಗೆ ಹಾಕಿಕೊಂಡು, ಒಂದು ನಿಮಿಷ, ಗಲ್ಲೆಗೆ ಕೈ ಮುಗಿದು ಬರ್ತೇನೆ ಎಂದು ಒಳಗೆ ಹೋದರು. ಬಂದು ಗಾಡಿ ಶುರುಮಾಡಿದರು. ನನ್ನ ಹೆಂಡತಿ ಹುಬ್ಬಳ್ಳಿಯ ರೈಲ್ವೆ ಕಾಲೊನಿಯಲ್ಲಿ ಬೆಳೆದವಳು, ಮದರಾಸಿನಲ್ಲಿ ಎಷ್ಟು ವರ್ಷ ಇದ್ದರೂ ಮಾತು ಬದಲಾಗಿಲ್ಲ. "ನಡೀರಿ ಇನ್ನ. ಗಾಡಿ ಕಣ್ಮರಿ ಆಗೋತನಕ ನಿಂದ್ರಬ್ಯಾಡ್ರಿ, ಧೂಳ ಬೀಳ್ತದ," ಎಂದು ನನ್ನನ್ನು ಮನೆಗೆ ಎಳೆದುಕೊಂಡು ಹೋದಳು.

ಮನೆಯಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಕೂತೆ. ಗಾಡಿ ಈಗ ಎಲ್ಲಿರಬಹುದು ಎಂದು ಲೆಕ್ಕ ಹಾಕುತ್ತಿದ್ದೆ. ತಮಿಳರಿಗೆ ಅದು ಆಡಿ ತಿಂಗಳು. ಪೆರಿಯಪಾಳ್ಯದ ಅಮ್ಮನಿಗೆ ಹರಕೆ ಹೊತ್ತವರ ವ್ಯಾನುಗಳು ಬೇವಿನ ಸೊಪ್ಪು ಕಟ್ಟಿಕೊಂಡು ರಸ್ತೆ ತುಂಬ ಇರುತ್ತವೆ. ಹಾಗಾಗಿ ಸ್ವಲ್ಪ ತಡವಾಗಬಹುದು ಎಂದು ಹಿಂದಿನ ಸಂಜೆಯೇ ದೂರದ ಕ್ಲಿನಿಕ್ಕಿನ ಸಿಸ್ಟರಿಗೆ ಫೋನ್ ಮಾಡಿ ಹೇಳಿದ್ದೆ. ಹೊಸಬರು ಬರುತ್ತಾರೆ, ಟೋಕನ್ ತರುತ್ತಾರೆ ಎಂದೂ ಹೇಳಿದ್ದೆ.

ಫೋನ್ ಬಂತು. ಸಿಸ್ಟರ್.

"ಸಾರ್, ಇಲ್ಲಿ ಒಬ್ಬರು ಬಂದಿದ್ದಾರೆ. ನೀವು ಕಳಿಸಿದ್ದು ಅಂತಾರೆ. ಟೋಕನ್ ಕೇಳಿದರೆ ಬಾಳೆ ಎಲೆಯ ಚಿತ್ರ ಇರೋ ಬಿಲ್ಲೆ ಕೊಟ್ಟಿದ್ದಾರೆ. ಹಿಂದುಗಡೆ ಸಾಪ್ಪಾಡು ಅಂತ ಬರೆದಿದೆ."

ಸಾಪ್ಪಾಡು ಎಂದರೆ ಊಟ. ಅದು ಹೋಟೆಲಿನ ಊಟದ ಟೋಕನ್. ದುಡ್ಡು ಕೊಟ್ಟು ಗಲ್ಲೆಯಲ್ಲಿ ಅದನ್ನು ಪಡೆದು, ಒಳಗೆ ಕೊಟ್ಟರೆ ಎಲೆ ಹಾಕುತ್ತಾರೆ. ಹಿಂದಿನಿಂದ ಮೊದಲಾಳಿಯ ಧ್ವನಿ ಕೇಳಿಸುತ್ತಿತ್ತು.

"ಫೋನ್ ಅವರಿಗೆ ಕೊಡಿ ಸಿಸ್ಟರ್."

"ಮಾಸ್ಟ್ರೆ," ಎಂದರು ಮೊದಲಾಳಿ, ಧ್ವನಿ ಸಣ್ಣದಾಗಿತ್ತು. "ಗಲ್ಲೆ ಹತ್ರ ಹೋದೆ ಅಲ್ವಾ. ಕೈ ಜೇಬಿಗೆ ಹೋಯ್ತು, ಬಿಲ್ಲೆ ಸಿಕ್ತು, ಪೆಟ್ಟಿಗೆಗೆ ಹಾಕಿದೆ. ಅದು ಕೈಯ ಅಭ್ಯಾಸ, ನನ್ನನ್ನು ಕೇಳುದೇ ಇಲ್ಲ. ಆಮೇಲೆ ಮೂರು ಬಿಲ್ಲೆ ಬೇಕು ಅಂತ ನೆನಪಾಯ್ತು. ಮೂರು ತೆಗೊಂಡು ಬಂದೆ."

"ಮೂರೂ ಊಟದ್ದು?"

"ಮೂರೂ ಊಟದ್ದೇ."

ಬೇರೆ ದಿನವಾಗಿದ್ದರೆ ನಾನು ನಕ್ಕುಬಿಡುತ್ತಿದ್ದೆ. ಸಿಸ್ಟರ್ ಫೋನ್ ವಾಪಸ್ ತೆಗೆದುಕೊಂಡು ಹೇಳಿದ ಮಾತಿಗೆ ನಗು ಬರಲಿಲ್ಲ. ಒಳಗೆ ಒಬ್ಬ ಬಸುರಿ ಹೆಂಗಸು ಇದ್ದಾಳೆ. ಮೊದಲನೆಯ ಹೆರಿಗೆ ಆಪರೇಷನ್ ಮಾಡಿ ಆದದ್ದು, ಇದೂ ಹಾಗೆಯೇ ಆಗಬೇಕು. ಮೈಯಲ್ಲಿ ರಕ್ತ ಕಡಿಮೆ. ನಸುಕಿನಿಂದ ಸಣ್ಣಗೆ ನೋವು ಕಾಣಿಸಿಕೊಂಡಿದೆ. ಆಪರೇಷನ್ ಮಾಡುವ ಡಾಕ್ಟರಮ್ಮ ನಾಲ್ಕು ಗಂಟೆಗೆ ಬರುತ್ತಾರೆ, ಹೊಂದುವ ರಕ್ತ ಒಂದು ಬಾಟಲಿ ಪಕ್ಕದಲ್ಲಿಲ್ಲದೆ ಕೈ ಹಾಕುವುದಿಲ್ಲ ಎಂದು ಫೋನಿನಲ್ಲೇ ಹೇಳಿದ್ದಾರೆ. ರಕ್ತ ಹೊಂದುತ್ತದೋ ಇಲ್ಲವೋ ನೋಡಲು ಅವಳ ರಕ್ತದ ಟ್ಯೂಬ್ ನಮ್ಮ ವಡಪಳನಿಯ ಬ್ಲಡ್ ಬ್ಯಾಂಕಿಗೆ ಬರಬೇಕು, ಅಲ್ಲಿಂದ ಬಾಟಲಿ ವಾಪಸ್ ಹೋಗಬೇಕು. ಹೋಗದಿದ್ದರೆ ಅವಳನ್ನು ವ್ಯಾನಿನಲ್ಲಿ ಮಲಗಿಸಿ, ನೋವಿನ ಜೊತೆಯಲ್ಲೇ, ಗುಂಡಿಬಿದ್ದ ರಸ್ತೆಯಲ್ಲಿ, ಹರಕೆಯ ಜನರ ನಡುವೆ ದೊಡ್ಡ ಆಸ್ಪತ್ರೆಗೆ ಕಳಿಸಬೇಕು. ಆ ಟ್ಯೂಬ್ ಈಗ ಸಿಸ್ಟರ್ ಕೈಯಲ್ಲಿದ್ದ ಡಬ್ಬಿಯೊಳಗೆ ಇತ್ತು.

"ಸಿಸ್ಟರ್, ಅವರು ನನ್ನ ಹಳೆಯ ಸ್ನೇಹಿತರು. ನಾನು ಹೇಳುತ್ತಿದ್ದೇನೆ, ಕೊಟ್ಟುಬಿಡಿ."

"ಸಾರ್, ಧ್ವನಿ ನಿಮ್ಮದೇ," ಎಂದರು ಅವರು. "ಫೋನ್ ಮಾಡಿ ಹೇಳಿದರೂ ಕೊಡಬೇಡಿ ಅಂದದ್ದೂ ನಿಮ್ಮ ಧ್ವನಿಯೇ. ಸಕ್ಕರೆ ಪರೀಕ್ಷೆಯ ರಕ್ತ ಆಗಿದ್ದರೆ ಕೊಡುತ್ತಿದ್ದೆನೋ ಏನೋ. ಇದು ಇನ್ನೊಬ್ಬರ ರಕ್ತ ಏರಿಸುವ ವಿಷಯ. ಟ್ಯೂಬ್ ಅದಲುಬದಲಾದರೆ ಆ ಹುಡುಗಿ ಉಳಿಯಲ್ಲ. ಟೋಕನ್ ತರುತ್ತಾರೆ ಅಂತ ನಿನ್ನೆ ಹೇಳಿದಿರಿ. ಇವರು ಊಟದ ಬಿಲ್ಲೆ ತಂದಿದ್ದಾರೆ. ನಾನು ಏನು ಮಾಡಲಿ?"

ಅವರ ಮಾತಿನಲ್ಲಿ ಹಟವಿರಲಿಲ್ಲ. ನಾನೇ ಅವರ ಜಾಗದಲ್ಲಿದ್ದರೂ ಅದನ್ನೇ ಮಾಡುತ್ತಿದ್ದೆ. ಆದರೆ ಟೋಕನ್ ಹೋಟೆಲಿನ ಪೆಟ್ಟಿಗೆಯಲ್ಲಿದೆ, ಅದನ್ನು ಹುಡುಕಿ ಇನ್ನೊಬ್ಬರ ಕೈಯಲ್ಲಿ ಕಳಿಸುವ ಹೊತ್ತಿಗೆ ಮಧ್ಯಾಹ್ನವಾಗುತ್ತದೆ. ಆಮೇಲೆ ಟ್ಯೂಬ್ ಬರುವುದು ಯಾವಾಗ, ಬಾಟಲಿ ಹೋಗುವುದು ಯಾವಾಗ. ಎದ್ದು ನಿಂತೆ. ಕನ್ನಡಕ ತೆಗೆದೆ, ಮತ್ತೆ ಹಾಕಿದೆ. ಹೆಂಡತಿ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು.

"ನಿಮ್ಮ ರೈಲ್ವೆದಾಗ ಟೋಕನ್ ಮಷೀನ್ ಕೆಟ್ರ ಏನ್ ಮಾಡ್ತಿದ್ರಿ?" ಎಂದಳು. "ರೈಲು ಅಲ್ಲೇ ನಿಂದರ್ತಿದ್ವಾ? ಅಪ್ಪಾರು ಏನೋ ಹೇಳ್ತಿದ್ರಲ್ಲ, ಒಬ್ಬಾವ ಇಂಜಿನ್ ಹತ್ತಿ ಹೋಗ್ತಾನ ಅಂತ."

ಪೈಲಟ್ ಗಾರ್ಡ್. ನನ್ನ ಮಾವನವರೂ ರೈಲ್ವೆಯವರೇ. ಟೋಕನ್ ಯಂತ್ರ ಕೆಟ್ಟಾಗ ಎರಡು ಸ್ಟೇಷನ್‌ಗಳ ನಡುವೆ ಒಬ್ಬ ಮನುಷ್ಯನನ್ನು ನೇಮಿಸುತ್ತಾರೆ. ಅವನು ಇಂಜಿನ್ ಹತ್ತಿದರೆ ಮಾತ್ರ ರೈಲು ಹೊರಡಬಹುದು. ಅವನು ಒಂದೇ ಹೊತ್ತಿಗೆ ಎರಡು ರೈಲಿನಲ್ಲಿ ಇರಲಾರ, ಹಾಗಾಗಿ ಲೈನಿನಲ್ಲಿ ಎರಡು ರೈಲು ಇರಲಾರವು. ಹಿತ್ತಾಳೆಯ ಬದಲು ಮನುಷ್ಯ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಓದಿ ಪರೀಕ್ಷೆ ಬರೆದ ನಿಯಮ, ಸರ್ವಿಸಿನಲ್ಲಿ ಒಂದೇ ಒಂದು ಸಲ ಬಳಸಿದ್ದು.

"ಸಿಸ್ಟರ್," ಎಂದೆ, "ಡಬ್ಬಿ ಅವರ ಕೈಗೆ ಕೊಡಬೇಡಿ. ನಿಮ್ಮ ಕಡೆಯವರು ಒಬ್ಬರು ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಹಿಂದೆ ಕೂತು ಬರಲಿ. ಗಾಡಿ ಓಡಿಸುವವರು ಅದನ್ನು ಮುಟ್ಟುವುದು ಬೇಡ. ಡಬ್ಬಿಯನ್ನು ಬ್ಲಡ್ ಬ್ಯಾಂಕಿನ ಕಿಟಕಿಯಲ್ಲೇ ಕೊಡಲಿ. ಅಲ್ಲಿಯವರೆಗೂ ಆ ವ್ಯಕ್ತಿಯೇ ಟೋಕನ್."

ಸಿಸ್ಟರ್ ಅಷ್ಟಕ್ಕೆ ಬಿಡಲಿಲ್ಲ.

"ಹಾಗೊಂದು ಕ್ರಮ ಇದೆಯಾ ಸಾರ್, ಇಲ್ಲ ಈಗ ಹೇಳ್ತಿದ್ದೀರಾ?"

"ಇದೆ. ನಿಯಮದ ಪುಸ್ತಕದಲ್ಲೇ ಇದೆ. ಪೈಲಟ್ ಗಾರ್ಡ್ ಅಂತ."

"ನಮ್ಮ ಕಡೆಯ ವ್ಯಕ್ತಿ ಡಬ್ಬಿ ಹಿಡಿದಿರಬೇಕು, ಓಡಿಸುವವರು ಮುಟ್ಟಬಾರದು, ಬ್ಲಡ್ ಬ್ಯಾಂಕಿನ ಕಿಟಕಿಯಲ್ಲೇ ಕೊಡಬೇಕು. ಸರೀನಾ?" ಎಂದು ಸಿಸ್ಟರ್ ತಿರುಗಿ ಒಪ್ಪಿಸಿದರು.

"ಸರಿ."

"ಆಯಾನ ಕಳಿಸೋಕೆ ಆಗಲ್ಲ ಸಾರ್, ಇಲ್ಲಿ ಕೆಲಸ ಇದೆ," ಎನ್ನುತ್ತಿದ್ದ ಹಾಗೆಯೇ ಹಿಂದಿನಿಂದ ಒಂದು ಗಟ್ಟಿ ಹೆಣ್ಣುಧ್ವನಿ ಕೇಳಿಸಿತು. ಬಸುರಿಯ ಅತ್ತೆ. ಮಗ ಲಾರಿ ಓಡಿಸಿಕೊಂಡು ನಾಗಪುರದ ಕಡೆ ಹೋಗಿದ್ದ, ಸೊಸೆಯ ತಾಯಿ ಮಂಚದ ಪಕ್ಕದಲ್ಲಿದ್ದಳು. ಈಕೆ ಬೆಳಗಿನಿಂದ ವರಾಂಡದಲ್ಲಿ ಸುಮ್ಮನೆ ಕೂತು ಸಾಕಾಗಿದ್ದಳಂತೆ. ನಾನೇ ಹೋಗ್ತೀನಿ, ನನ್ನ ಮೊಮ್ಮಗುವಿನ ವಿಷಯಕ್ಕೆ ಯಾರನ್ನೋ ಯಾಕೆ ಕಳಿಸಬೇಕು ಎಂದಳಂತೆ.

ಗಾಡಿ ಹೊರಟಿತು ಎಂದು ಸಿಸ್ಟರ್ ಹೇಳಿದ ಮೇಲೆ ನಾವಿಬ್ಬರೂ ಹೋಟೆಲಿಗೆ ನಡೆದೆವು. ಪೆಟ್ಟಿಗೆಯ ಮುಂದೆ ಮೊದಲಾಳಿಯ ಸೊಸೆ ಇದ್ದಳು. ವಿಷಯ ಕೇಳಿ ಹಣೆ ಚಚ್ಚಿಕೊಂಡು, ಹಿತ್ತಾಳೆಯನ್ನೆಲ್ಲ ಒಂದು ದೊಡ್ಡ ತಟ್ಟೆಗೆ ಸುರಿದಳು. ಕಾಫಿ ಬಿಲ್ಲೆ, ಟಿಫಿನ್ ಬಿಲ್ಲೆ, ಊಟದ ಬಿಲ್ಲೆ, ಎಲ್ಲವೂ ಒಂದೇ ಬಣ್ಣ. ಒಂದು ಕಣ್ಣಿಗೆ ಎಲ್ಲವೂ ಒಂದೇ ಹೊಳಪು. ನಾನು ಕಣ್ಣು ಮುಚ್ಚಿ ಬೆರಳಿನಿಂದ ತೂತು ಹುಡುಕತೊಡಗಿದೆ. ದುಂಡು ಸಿಕ್ಕಿತು. ಬಹಳ ಹೊತ್ತಿನ ಮೇಲೆ ಚೌಕ ಸಿಕ್ಕಿತು.

"ನೀವು ಇಲ್ಲಿ ಹುಡುಕಲಿಕ್ಕತ್ತೀರಿ, ಅದು ಅಲ್ಲಿ ಹೋಗಿ ಕೂತದ," ಎಂದು ಹೆಂಡತಿ ಪೆಟ್ಟಿಗೆಯ ಮೂಲೆಯಲ್ಲಿ ಉಳಿದಿದ್ದ ಹಳೆಯ ಐದು ರೂಪಾಯಿ ನಾಣ್ಯಗಳ ನಡುವಿನಿಂದ ತ್ರಿಕೋನವನ್ನು ತೆಗೆದಳು. ತೆಗೆದವಳೇ ನನ್ನ ಮುಖ ಮೇಲೆತ್ತಿ ಕಣ್ಣಿಗೆ ಹನಿ ಹಾಕಿದಳು. ಹೊತ್ತು ಮೀರಿತ್ತು. ಹನಿ ಹಾಕುವ ವಿಷಯದಲ್ಲಿ ಅವಳದೂ ರೈಲ್ವೆಯ ಶಿಸ್ತೇ.

ಆಮೇಲೆ ಹೋಟೆಲಿನ ಮೆಟ್ಟಿಲ ಮೇಲೆ ನಿಂತು ರಸ್ತೆ ನೋಡುವುದೊಂದೇ ಉಳಿಯಿತು. ಸ್ಟೇಷನ್‌ನಲ್ಲಿ ಹೀಗೆ ಎಷ್ಟೋ ಸಲ ನಿಂತಿದ್ದೇನೆ. ತಡವಾದ ರೈಲಿಗೆ ಕಾಯುವಾಗ ಹಿಂದಿನ ಸ್ಟೇಷನ್ನಿನಿಂದ ಸುದ್ದಿ ಬರುತ್ತಿತ್ತು. ಇಲ್ಲಿ ಅದಿಲ್ಲ. ಮೊದಲಾಳಿ ಗಾಡಿ ಓಡಿಸುವಾಗ ಫೋನ್ ಎತ್ತುವುದಿಲ್ಲ. ಎತ್ತಬಾರದು ಎಂದು ನಾನೇ ಹೇಳಿದ್ದೆ. ಆ ನಿಯಮವನ್ನಾದರೂ ಅವರು ಇಷ್ಟು ಚೆನ್ನಾಗಿ ಪಾಲಿಸಬಾರದಿತ್ತು ಎಂದುಕೊಂಡೆ.

ದೇವಸ್ಥಾನದ ಬೀದಿಯ ತಿರುವಿನಲ್ಲಿ ಗಾಡಿ ಕಾಣಿಸಿತು. ಮೊದಲಾಳಿ ಬೆನ್ನು ನೆಟ್ಟಗೆ ಮಾಡಿಕೊಂಡು, ಎರಡೂ ಕೈಯಲ್ಲಿ ಹ್ಯಾಂಡಲ್ ಬಿಗಿಯಾಗಿ ಹಿಡಿದು ಬರುತ್ತಿದ್ದರು. ಹಿಂದೆ ಆ ಅತ್ತೆ, ಒಂದು ಬದಿಗೆ ಕಾಲು ಇಳಿಬಿಟ್ಟು, ಕ್ಲಿನಿಕ್ಕಿನ ಯಾರದೋ ಹೆಲ್ಮೆಟ್ ಹಾಕಿಕೊಂಡು, ಡಬ್ಬಿಯನ್ನು ಸೀರೆಯ ಸೆರಗಿನಿಂದ ಹೊಟ್ಟೆಗೆ ಕಟ್ಟಿಕೊಂಡು ಕೂತಿದ್ದಳು. ನಾನು ಮೆಟ್ಟಿಲಿಳಿದು ಡಬ್ಬಿಗೆ ಕೈ ಚಾಚಿದೆ.

"ಯಾರು ನೀನು?" ಎಂದಳು, ತಮಿಳಿನಲ್ಲಿ.

"ನಾನೇ ಅಮ್ಮ, ಸಿಸ್ಟರ್ ಜೊತೆ ಫೋನಿನಲ್ಲಿ ಮಾತಾಡಿದವನು."

"ಓ, ಆ ರೈಲು ಅಯ್ಯಾ. ಕಿಟಕಿಯಲ್ಲೇ ಕೊಡಬೇಕು ಅಂತ ಹೇಳಿದ್ದು ನೀನು ತಾನೆ? ಕಿಟಕಿ ಎಲ್ಲಿ?"

"ಬೆಳಗಿನಿಂದ ಹೀಗೇ ಮಾಸ್ಟ್ರೆ," ಎಂದರು ಮೊದಲಾಳಿ. "ರೆಡ್ ಹಿಲ್ಸ್‌ನಲ್ಲಿ ನೀರು ಕುಡಿಯುವಾ ಅಂತ ನಿಲ್ಲಿಸಿದೆ. ಇಳಿಯುದಿಲ್ಲ ಅಂದ್ರು. ನಾನು ಕುಡಿದೆ, ಅದಕ್ಕೂ ಬೈದ್ರು."

"ತಂಬಿ ಗುಂಡಿ ನೋಡಿ ಓಡಿಸೋದಿಲ್ಲ," ಎಂದಳು ಆಕೆ. "ಪ್ರತಿ ಗುಂಡಿಗೂ ಬೆನ್ನಿಗೆ ಒಂದೊಂದು ಕೊಟ್ಟೆ. ಆಮೇಲೆ ಸರಿಹೋಯಿತು."

ತಂಬಿ ಎಂದರೆ ತಮ್ಮ. ಮೊದಲಾಳಿಗೆ ಮೊಮ್ಮಕ್ಕಳಿದ್ದಾರೆ. ಅವರು ಬೆನ್ನು ಸವರಿಕೊಂಡು ಗಾಡಿಯನ್ನು ಪಕ್ಕದ ಬೀದಿಗೆ ತಿರುಗಿಸಿದರು. ನಾನೂ ಹೆಂಡತಿಯೂ ಹಿಂದೆ ನಡೆದೆವು. ಬ್ಲಡ್ ಬ್ಯಾಂಕಿನ ಕಿಟಕಿಯಲ್ಲಿ ಆಕೆ ಸೆರಗು ಬಿಚ್ಚಿ, ಡಬ್ಬಿ ಇಟ್ಟು, ಒಳಗಿದ್ದ ಹೆಂಗಸು ಟ್ಯೂಬಿನ ಮೇಲಿನ ಹೆಸರನ್ನು ಗಟ್ಟಿಯಾಗಿ ಓದುವವರೆಗೂ ಹಿಡಿಕೆ ಬಿಡಲಿಲ್ಲ. ಹೆಸರು ಸರಿಯಾಗಿತ್ತು. ಟ್ಯೂಬ್ ತಂಪಾಗಿತ್ತು, ರಕ್ತ ಕೆಟ್ಟಿರಲಿಲ್ಲ. ಪರೀಕ್ಷೆಗೆ ಸುಮಾರು ಒಂದು ತಾಸು ಬೇಕು, ಕೂತಿರಿ ಎಂದರು.

ಕೂರುವುದಾದರೆ ಊಟಕ್ಕೆ ಕೂರೋಣ ಎಂದರು ಮೊದಲಾಳಿ. ಆಕೆ ಮೊದಲು ಒಪ್ಪಲಿಲ್ಲ. ನನ್ನ ಹೆಂಡತಿ ತನ್ನ ಹುಬ್ಬಳ್ಳಿಯ ತಮಿಳಿನಲ್ಲಿ, ನಾನು ಇಲ್ಲೇ ಕಿಟಕಿ ಹತ್ತಿರ ಕೂತಿರುತ್ತೇನೆ, ಬಾಟಲಿ ಬಂದರೆ ನಿನಗೇ ಮೊದಲು ಹೇಳುತ್ತೇನೆ ಎಂದಳು. ಹೆಂಗಸಿನ ಮಾತನ್ನು ಹೆಂಗಸು ನಂಬಿದಳು. ಹೋಟೆಲಿಗೆ ಬಂದ ಕೂಡಲೇ ಆಕೆ ಸೊಂಟದ ಗಂಟಿನಿಂದ ಒಂದು ಹಿತ್ತಾಳೆ ಬಿಲ್ಲೆ ತೆಗೆದು ಗಲ್ಲೆಯ ಮೇಲೆ ಇಟ್ಟಳು. ಬಾಳೆ ಎಲೆಯ ಚಿತ್ರದ್ದು.

"ಸಿಸ್ಟರ್ ಕೊಟ್ಟಳು. ಅಲ್ಲಿ ಇದು ಉಪಯೋಗ ಇಲ್ಲ, ನಿನಗೆ ಉಪಯೋಗ ಆಗಬಹುದು ಅಂತ."

"ಅಮ್ಮ, ನಿಮಗೆ ಟೋಕನ್ ಬೇಡ. ಹೋಗಿ ಕೂತ್ಕೊಳ್ಳಿ," ಎಂದರು ಮೊದಲಾಳಿ.

"ಬೇಡ ಅಂದರೆ? ಟೋಕನ್ ಇಲ್ಲದ್ದಕ್ಕೆ ತಾನೆ ನನ್ನನ್ನು ಇಷ್ಟು ದೂರ ಎತ್ತಿಕೊಂಡು ಬಂದದ್ದು? ತಗೋ."

ಮೊದಲಾಳಿ ತಗೊಂಡರು. ಈ ಸಲ ಅದನ್ನು ಪೆಟ್ಟಿಗೆಗೆ ಹಾಕುವುದೇ ಸರಿಯಾದ ಕ್ರಮವಾಗಿತ್ತು, ಹಾಕಿದರು. ಆಕೆ ಸಾರು ಎರಡು ಸಲ ಹಾಕಿಸಿಕೊಂಡಳು. ಸಾಂಬಾರಿಗೆ ಬೆಲ್ಲ ಯಾಕೆ ಹಾಕಿದ್ದೀರಿ, ಜ್ವರ ಬಂದವರಿಗೆ ಮಾಡಿದ ಹಾಗಿದೆ ಎಂದಳು. ಉಡುಪಿಯವರ ಮುಖಕ್ಕೆ ಅಷ್ಟು ನೇರವಾಗಿ ಹೇಳಿದವರನ್ನು ನಾನು ನೋಡಿರಲಿಲ್ಲ. ಮೊದಲಾಳಿ ಪಾಯಸ ತರಿಸಿದರು. ಆಕೆ ಪಾಯಸ ಮುಟ್ಟಲಿಲ್ಲ. "ಅದು ಮಗು ಬಂದ ಮೇಲೆ," ಎಂದಳು. ಅಲ್ಲಿಯವರೆಗೂ ಮಾತು, ಬೈಗುಳ, ಊಟ ಎಲ್ಲದರ ಅಡಿಯಲ್ಲಿ ಆಕೆಗೆ ಎಷ್ಟು ಭಯವಿತ್ತು ಎಂದು ಆಗ ನನಗೆ ತಿಳಿಯಿತು.

ರಕ್ತ ಹೊಂದಿತು. ಹೆಂಡತಿ ಕಿಟಕಿಯಿಂದಲೇ ಫೋನ್ ಮಾಡಿದಳು. ನಮ್ಮ ನೀಲಿ ಡಬ್ಬಿ ಕ್ಲಿನಿಕ್ಕಿನ ಉಳಿದ ಸ್ಯಾಂಪಲ್ ತರಲು ಖಾಲಿಯಾಗಿ ಗಾಡಿಗೆ ಏರಿತು. ಬಾಟಲಿಗೆ ಬ್ಲಡ್ ಬ್ಯಾಂಕಿನವರದೇ ಬೇರೆ ಡಬ್ಬಿ. ನಾನು ತ್ರಿಕೋನದ ಟೋಕನ್ನನ್ನು ಬಾಟಲಿಯ ಡಬ್ಬಿಯ ಹಿಡಿಕೆಗೆ ದಾರದಿಂದ ಕಟ್ಟಿದೆ, ಎರಡು ಗಂಟು ಹಾಕಿದೆ. ಉಳಿದೆರಡನ್ನು ಹೆಂಡತಿ ಮೊದಲಾಳಿಯ ಅಂಗಿಯ ಜೇಬಿನೊಳಗೆ ಹಾಕಿ, ಜೇಬಿನ ಬಾಯಿಗೆ ಸೇಫ್ಟಿ ಪಿನ್ ಚುಚ್ಚಿದಳು.

"ಇನ್ನ ನಿಮ್ಮ ಕೈ ಅಭ್ಯಾಸ ಏನ್ ಮಾಡ್ತದ ನೋಡೂಣು," ಎಂದಳು.

"ಅಕ್ಕ, ನನ್ನ ಮಾನ ಇವತ್ತು ಎಷ್ಟು ಸಲ ಹೋಗುದು?" ಎಂದರು ಮೊದಲಾಳಿ.

ಈಗ ಟೋಕನ್ ಇದೆ, ನೀವು ಬೇಕಾದರೆ ಡಬ್ಬಿಯನ್ನು ಸೀಟಿಗೆ ಕಟ್ಟಬಹುದು ಎಂದು ನಾನು ಆಕೆಗೆ ಹೇಳಿದೆ. ಆಕೆ ಕೇಳಿಸಿಕೊಂಡ ಹಾಗೆಯೇ ಕಾಣಲಿಲ್ಲ. ಸೆರಗು ಬಿಗಿದು ಡಬ್ಬಿಯನ್ನು ಮತ್ತೆ ಹೊಟ್ಟೆಗೆ ಕಟ್ಟಿಕೊಂಡಳು. ಗಾಡಿ ಹೋಯಿತು.

ಮಧ್ಯಾಹ್ನ ನಾನು ಮಲಗಬೇಕು, ಡಾಕ್ಟರ ಆಜ್ಞೆ. ಮಲಗಿದೆ. ನಿದ್ದೆ ಮಾಡಬೇಕೆಂದು ಅವರು ಹೇಳಿರಲಿಲ್ಲ. ಮೂರು ಗಂಟೆ ದಾಟಿದ ಮೇಲೆ ಸಿಸ್ಟರ್ ಫೋನ್ ಮಾಡಿ, ಡಬ್ಬಿ ಬಂತು ಸಾರ್, ತ್ರಿಕೋನ ನೋಡಿಯೇ ಇಳಿಸಿಕೊಂಡೆ ಎಂದಷ್ಟೇ ಹೇಳಿ ಇಟ್ಟರು. ಇನ್ನು ನನ್ನ ಲೈನಿನ ಕೆಲಸ ಮುಗಿದಿತ್ತು. ಮುಂದಿನದು ಡಾಕ್ಟರಮ್ಮನ ಲೈನು. ಆದರೂ ಕೈ ಫೋನಿನಿಂದ ದೂರ ಹೋಗಲಿಲ್ಲ. ಹೆಂಡತಿ ಚಹಾ ತಂದಿಟ್ಟಳು, ಆರಿತು. ಇನ್ನೊಂದು ತಂದಳು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಫೋನ್ ಬಂತು.

"ಸಾರ್, ಹೆಣ್ಣು ಮಗು. ಜೋರಾಗಿ ಅಳ್ತಿದೆ, ಕೇಳಿಸ್ತಿದೆಯಾ? ತಾಯಿಗೆ ಸ್ವಲ್ಪ ಜಾಸ್ತಿಯೇ ರಕ್ತ ಹೋಯಿತು. ಬಾಟಲಿ ಇತ್ತಲ್ಲ, ಡಾಕ್ಟರಮ್ಮ ತಕ್ಷಣ ಹಾಕಿಸಿದರು. ಈಗ ಮಾತಾಡ್ತಿದ್ದಾಳೆ, ಬಾಯಾರಿಕೆ ಅಂತಿದ್ದಾಳೆ."

"ಅತ್ತೆ?"

"ಮಗುವನ್ನು ಯಾರ ಕೈಗೂ ಕೊಡ್ತಿಲ್ಲ ಸಾರ್. ನಾನು ತೂಕ ನೋಡಬೇಕು ಅಂದರೆ ಟೋಕನ್ ಎಲ್ಲಿ ಅಂತ ಕೇಳ್ತಾಳೆ."

ಸಿಸ್ಟರ್ ನಕ್ಕದ್ದನ್ನು ನಾನು ಅದೇ ಮೊದಲು ಕೇಳಿದ್ದು. ಫೋನ್ ಇಟ್ಟ ಮೇಲೆ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದೆ. ಬೆಳಗಿನಿಂದ ಒಮ್ಮೆಯೂ ಒರಗಿರಲಿಲ್ಲ ಎಂದು ಬೆನ್ನು ಹೇಳಿತು. ಹೆಂಡತಿ ನನ್ನ ಮುಖ ನೋಡಿಯೇ ದೇವರ ಮುಂದಿನ ದೀಪಕ್ಕೆ ಇನ್ನಷ್ಟು ಎಣ್ಣೆ ಹಾಕಿದಳು. ಆಮೇಲೆ ನಾನು ಎದ್ದು ಮೂರೂ ಕ್ಲಿನಿಕ್‌ಗಳಿಗೆ ಫೋನ್ ಮಾಡಿ, ಟೋಕನ್ ಕಳೆದಾಗ ಏನು ಮಾಡಬೇಕು ಎನ್ನುವ ನಿಯಮವನ್ನು ತಿಳಿಸಿದೆ. ನಿಯಮ ಇದ್ದರೆ ಅದರ ಜೊತೆಗೇ ಅದು ಕೆಟ್ಟಾಗಿನ ನಿಯಮವೂ ಇರಬೇಕು. ರೈಲ್ವೆ ನನಗೆ ಎರಡನ್ನೂ ಕಲಿಸಿತ್ತು, ನಾನು ಒಂದನ್ನು ಮಾತ್ರ ಹಂಚಿದ್ದೆ.

ಮೊದಲಾಳಿ ಮೂರೂ ಕ್ಲಿನಿಕ್ಕಿನ ಡಬ್ಬಿಗಳನ್ನು ತೆಗೆದುಕೊಂಡು ಬಂದಾಗ ರಸ್ತೆಯ ದೀಪಗಳು ಹತ್ತಿದ್ದವು. ಲ್ಯಾಬಿನವರು ಕಾಯ್ದಿದ್ದರು. ಮೂರು ಹಿಡಿಕೆಗಳಿಂದ ಮೂರು ಟೋಕನ್ ಬಿಚ್ಚಿ ನನ್ನ ಅಂಗೈಗೆ ಹಾಕಿದರು. ದುಂಡು, ಚೌಕ, ತ್ರಿಕೋನ. ಮೊದಲಾಳಿ ಪಕ್ಕದಲ್ಲಿ ನಿಂತು, ನಾನು ಕೇಳದೆಯೇ ಮೂರನ್ನೂ ಹೆಸರಿಟ್ಟು ಹೇಳಿದರು. ಖಾಲಿಯಾದ ಜೇಬಿಗೂ ಪಿನ್ನು ಮತ್ತೆ ಚುಚ್ಚಿಕೊಂಡಿದ್ದರು.

"ನಾಳೆಯೂ ನಾನೇ ಹೋಗುದಾ, ಇಲ್ಲ ಸಸ್ಪೆಂಡಾ ಮಾಸ್ಟ್ರೆ?"

"ನಾಳೆಯೂ ನೀವೇ. ಗಲ್ಲೆಗೆ ಕೈ ಮುಗಿಯುವುದಿದ್ದರೆ ಹೊರಗಿನಿಂದಲೇ ಮುಗಿಯಿರಿ."

ಅವರು ಮನೆಗೆ ಹೋದರು. ನಾನು ಡಬ್ಬಿಗಳನ್ನು ಸೋಪು ನೀರಿನಲ್ಲಿ ತೊಳೆದು, ಬಾಯಿ ಕೆಳಗೆ ಮಾಡಿ ಬಚ್ಚಲ ಕಟ್ಟೆಯ ಮೇಲೆ ಒಣಗಲು ಇಟ್ಟೆ. ಟವೆಲ್‌ಗಳನ್ನು ಹಿಂಡಿ ಹಗ್ಗಕ್ಕೆ ಹಾಕಿದೆ. ಐಸ್ ಚೀಲಗಳನ್ನು ಒರೆಸಿ, ಬೆಳಿಗ್ಗೆಗೆ ಗಟ್ಟಿಯಾಗಲಿ ಎಂದು ಫ್ರೀಜರಿನಲ್ಲಿ ಸಾಲಾಗಿ ಜೋಡಿಸಿ ಬಾಗಿಲು ಮುಚ್ಚಿದೆ.